ಸೀಟಿನ ಕೆಳಗಿನ ಪಿಟೀಲು

ಮೈಸೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ನಿವೃತ್ತ ಮೇಷ್ಟ್ರು. ವಯಸ್ಸು 66, ತೂಕ 82 ಕಿಲೋ. ಮಗ ಕೊಡಿಸಿದ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗಿ ಬರುತ್ತಾರೆ. ಸೀಟಿನ ಕೆಳಗೆ ಸ್ಪ್ರಿಂಗ್ ಇರುವ ಪಿಲ್ಲರ್ ಇದೆಯಂತೆ. ಮೊದಮೊದಲು ಸೋಫಾದ ಹಾಗೆ ಮೆತ್ತಗಿತ್ತು. ಮಳೆಗಾಲ ಕಳೆದ ಮೇಲೆ ಕಿರ್ ಕಿರ್ ಅನ್ನಲು ಶುರುವಾಯಿತು. ಈಗ ಹಂಪ್ ಹತ್ತಿಳಿದರೆ ಸೊಂಟಕ್ಕೆ ನೇರ ಏಟು. ‘ಅಂಗಡಿಯವನು ಪಿಲ್ಲರ್ ಪೂರ್ತಿ ಬದಲಾಯಿಸಿ ಅನ್ನುತ್ತಾನೆ. ಭಾವಮೈದ ಅಡಿಯ ಸ್ಕ್ರೂ ತಿರುಗಿಸಿ ಸ್ಪ್ರಿಂಗ್ ಗಟ್ಟಿ ಮಾಡಿಕೊಳ್ಳಿ ಅನ್ನುತ್ತಾನೆ. ಮನೆಯಾಕೆ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ಕಟ್ಟಿದ್ದಾಳೆ. ಯಾರ ಮಾತು ಕೇಳಲಿ?’ ಎಂದು ಕೇಳಿ, ಜೊತೆಗೊಂದು ಫೋಟೋ ಕಳಿಸಿದ್ದಾರೆ.

ಮೊದಲು ಆ ನಿಂಬೆಹಣ್ಣು ಬಿಚ್ಚಿಬಿಡಿ ಮೇಷ್ಟ್ರೇ. ಫೋಟೋದಲ್ಲಿ ಅದು ಪಿಲ್ಲರಿನ ನುಣುಪಾದ ಕೊಳವೆಗೇ ಒತ್ತಿಕೊಂಡು ಕೂತಿದೆ. ಮೆಣಸಿನಕಾಯಿ ಪೋಣಿಸಿದ ತಂತಿ ಹಣ್ಣನ್ನು ಸೀಳಿ, ರಸ ಸೋರಿ ಒಣಗಿ, ಅದರ ಮೇಲೆ ಧೂಳು ಮೆತ್ತಿದೆ. ನಿಂಬೆರಸ ಆಮ್ಲ. ದಿನಗಟ್ಟಲೆ ಲೋಹದ ಮೇಲೆ ಕೂತರೆ ಅದರ ಹೊಳಪನ್ನು ತಿನ್ನುತ್ತದೆ, ಅಂಟಿಕೊಂಡ ಧೂಳು ಉಜ್ಜುಕಾಗದವಾಗುತ್ತದೆ. ನಿಮ್ಮ ಸೈಕಲ್ಲಿಗೆ ಯಾರ ಕಣ್ಣೂ ಬಿದ್ದಿಲ್ಲ. ಮಳೆ ನೀರು ಬಿದ್ದಿದೆ.

ಇನ್ನು ಸ್ಪ್ರಿಂಗಿನ ವಿಷಯ. ಸೀಟಿಗೆ ಸ್ಪ್ರಿಂಗ್ ಕೊಡುವ ಆಲೋಚನೆ ಸೈಕಲ್ಲಿನಷ್ಟೇ ಹಳೆಯದು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಓಡಾಡಿದ ಮಿಶೋ ಸೈಕಲ್ಲುಗಳಿಗೆ ಕಬ್ಬಿಣದ ಪಟ್ಟಿ ಹೊಡೆದ ಚಕ್ರಗಳು. ಸವಾರನ ಸೀಟನ್ನು ಉದ್ದನೆಯ ಉಕ್ಕಿನ ಪಟ್ಟಿಯೊಂದರ ಮೇಲೆ ಕೂರಿಸಿದ್ದರು. ಅಷ್ಟಾದರೂ ಇಂಗ್ಲಿಷರು ಅದನ್ನು ಮೂಳೆ ಅಲುಗಿಸುವ ಗಾಡಿ ಎಂದೇ ಕರೆದರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿ ಸೈಕಲ್ಲಿಗೆಂದು ಮಾಡಿದ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಸವಾರರಿಗೆ ನಿಜವಾದ ಸುಖ ಸಿಕ್ಕಿತು. ನಮ್ಮ ತಂದೆಯವರ ಕಾಲದ ಕರಿ ಸೈಕಲ್ಲಿನ ಸೀಟಿನಡಿ ಎರಡು ದಪ್ಪ ಸುರುಳಿಗಳಿದ್ದದ್ದು ಅನೇಕರಿಗೆ ನೆನಪಿರಬಹುದು. ಆ ಸುರುಳಿ ಈಗ ಕೊಳವೆಯೊಳಗೆ ಸೇರಿಕೊಂಡಿದೆ, ಅಷ್ಟೆ.

ಹಾಗಾದರೆ ಮಾಮೂಲಿ ಸೈಕಲ್ಲಿನವರಿಗೆ ಬೇಡವಾದದ್ದು ಎಲೆಕ್ಟ್ರಿಕ್ ಸೈಕಲ್ಲಿನವರಿಗೆ ಯಾಕೆ ಬೇಕು? ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ತೂಕದ ಯಂತ್ರವನ್ನು ಗಟ್ಟಿಯಾದ ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂರಿ. ಪಾದ ನೆಲಕ್ಕೆ ತಾಗಿರಲಿ. ನನ್ನ ತೂಕ 68 ಕಿಲೋ. ಸುಮ್ಮನೆ ಕೂತಾಗ ಯಂತ್ರ 56 ತೋರಿಸಿತು. ಏಳದೆ, ಎರಡೂ ಪಾದಗಳಿಂದ ನೆಲವನ್ನು ಒತ್ತಿದೆ. ಮುಳ್ಳು 40ಕ್ಕೆ ಇಳಿಯಿತು. ಪೆಡಲ್ ತುಳಿಯುವಾಗಲೂ ಹೀಗೇ. ಗಟ್ಟಿಯಾಗಿ ತುಳಿದಷ್ಟೂ ನಮಗೆ ತಿಳಿಯದಂತೆಯೇ ಸೀಟಿನ ಮೇಲಿನ ಭಾರ ಕಾಲಿಗೆ ವರ್ಗವಾಗುತ್ತದೆ. ಗುಂಡಿ ಕಂಡರಂತೂ ಸವಾರ ತಾನಾಗಿಯೇ ಸೀಟಿನಿಂದ ಒಂದಿಷ್ಟು ಏಳುತ್ತಾನೆ. ಮೊಣಕಾಲು, ತೊಡೆ, ಹಿಮ್ಮಡಿ ಸೇರಿ ಏಟನ್ನು ನುಂಗುತ್ತವೆ. ಮನುಷ್ಯನ ಕಾಲಿನಷ್ಟು ಒಳ್ಳೆಯ ಸಸ್ಪೆನ್ಷನ್ನನ್ನು ಯಾವ ಕಾರ್ಖಾನೆಯೂ ಇನ್ನೂ ಮಾಡಿಲ್ಲ.

ಮೋಟಾರು ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ನೋಂದಣಿ ಬೇಡದ ಎಲೆಕ್ಟ್ರಿಕ್ ಸೈಕಲ್ಲಿಗೆ ನಮ್ಮ ಕಾನೂನು ಹಾಕಿರುವ ಮಿತಿ 250 ವಾಟ್, ಗಂಟೆಗೆ 25 ಕಿಲೋಮೀಟರ್. ಕೇಳಲು ಸಣ್ಣದು. ಆದರೆ ಆರೋಗ್ಯವಂತ ಸವಾರನೊಬ್ಬ ಬೆವರು ಸುರಿಸಿ ಗಂಟೆಗಟ್ಟಲೆ ಕೊಡಬಲ್ಲ ಶಕ್ತಿಗಿಂತ 250 ವಾಟ್ ಹೆಚ್ಚೇ. ಹಾಗಾಗಿ ಕಾಲು ಹಗುರವಾಗಿ ತಿರುಗುತ್ತದೆ, ಭಾರವೆಲ್ಲ ಸೀಟಿಗೆ ಇಳಿಯುತ್ತದೆ, ವೇಗವೂ ಜಾಸ್ತಿ. ಏಳಬೇಕೆಂದು ಮೈಗೆ ಅನಿಸುವುದೇ ಇಲ್ಲ. ನಮ್ಮ ಬಡಾವಣೆಯಲ್ಲಿ ನಾನು ನೋಡಿದಂತೆ, ಮಾಮೂಲಿ ಸೈಕಲ್ಲಿನ ಹುಡುಗರು ಹಂಪ್ ಮೇಲೆ ನಿಂತೇ ದಾಟುತ್ತಾರೆ, ಎಲೆಕ್ಟ್ರಿಕ್ ಸೈಕಲ್ಲಿನ ಹಿರಿಯರು ಕೂತೇ ದಾಟುತ್ತಾರೆ. ಕಾಲು ಮಾಡಬೇಕಿದ್ದ ಕೆಲಸವನ್ನು ಆಗ ಆ ಒಂದು ಗೇಣುದ್ದದ ಸ್ಪ್ರಿಂಗೇ ಮಾಡಬೇಕು.

ಈಗ ಭಾವಮೈದನ ಸ್ಕ್ರೂ. ಇದು ನನ್ನ ಇಷ್ಟದ ವಿಷಯ, ಒಂದಿಷ್ಟು ನಿಧಾನವಾಗಿಯೇ ಹೇಳುತ್ತೇನೆ.

ತುಂಬಿದ ಬಿಂದಿಗೆ ಹೊತ್ತು ನಡೆದವರಿಗೆ ಗೊತ್ತು. ಒಂದು ಲಯದಲ್ಲಿ ಹೆಜ್ಜೆ ಹಾಕಿದರೆ ನೀರು ತುಳುಕಿ ಮೈಮೇಲೆ ಬೀಳುತ್ತದೆ. ಹೆಜ್ಜೆಯ ಲಯ ಬದಲಿಸಿದರೆ ಅದೇ ನೀರು ಸುಮ್ಮನಾಗುತ್ತದೆ. ನೀರಿಗೆ ತನ್ನದೇ ತೂಗಾಟದ ಲಯವಿದೆ. ಹೆಜ್ಜೆ ಅದಕ್ಕೆ ಹೊಂದಿಕೊಂಡಾಗ ಸಣ್ಣ ಕುಲುಕೂ ದೊಡ್ಡದಾಗುತ್ತದೆ. ಇದೇ ಅನುರಣನ. ಕೂತಿರುವ ಮನುಷ್ಯನ ದೇಹಕ್ಕೂ ಅಂಥದೊಂದು ಲಯವಿದೆ. ಮೇಲೆ ಕೆಳಗೆ ಸೆಕೆಂಡಿಗೆ ಸುಮಾರು ಐದು ಸಲ ಕುಲುಕಿದರೆ ಹೊಟ್ಟೆ, ಬೆನ್ನುಮೂಳೆಯ ಕಂಬ, ಭುಜ ಎಲ್ಲವೂ ಆ ತಾಳಕ್ಕೆ ಸೇರಿಕೊಳ್ಳುತ್ತವೆ. ದೇಹದ ಕಂಪನವನ್ನು ಅಳೆಯುವ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ಆಸುಪಾಸಿನ ಕುಲುಕನ್ನು ಹೆಚ್ಚು ಗಂಭೀರವಾಗಿ ಲೆಕ್ಕ ಹಾಕುತ್ತದೆ. ಟ್ರ್ಯಾಕ್ಟರ್, ಲಾರಿಗಳ ಚಾಲಕರ ಸೀಟು ಮಾಡುವವರು ತಪ್ಪಿಸಲು ನೋಡುವುದೂ ಇದನ್ನೇ.

ಸ್ಪ್ರಿಂಗಿನ ಲಯವನ್ನು ಕಂಡುಹಿಡಿಯಲು ಒಂದು ಅಳತೆಪಟ್ಟಿ ಸಾಕು. ನೀವು ಕೂತಾಗ ಸ್ಪ್ರಿಂಗ್ ತನ್ನ ಸಹಜ ಉದ್ದಕ್ಕಿಂತ ಒಟ್ಟು ಎಷ್ಟು ಸೆಂಟಿಮೀಟರ್ ಕುಗ್ಗಿರುತ್ತದೋ ಅದರ ವರ್ಗಮೂಲದಿಂದ ಐದನ್ನು ಭಾಗಿಸಿ. ಬಂದ ಉತ್ತರವೇ ಸೆಕೆಂಡಿಗೆ ಅದರ ತೂಗಾಟಗಳ ಸಂಖ್ಯೆ. ಒಂದು ಸೆಂಟಿಮೀಟರ್ ಕುಗ್ಗಿದರೆ ಐದು. ನಾಲ್ಕು ಸೆಂಟಿಮೀಟರ್ ಕುಗ್ಗಿದರೆ ಎರಡೂವರೆ. ಸವಾರನ ತೂಕವಾಗಲಿ ಉಕ್ಕಿನ ಗಡಸುತನವಾಗಲಿ ಬೇರೆ ಬೇರೆಯಾಗಿ ಬೇಕಿಲ್ಲ, ಎರಡೂ ಆ ಕುಗ್ಗಿನೊಳಗೇ ಅಡಗಿವೆ. ಮೊದಲ ಸಲ ಈ ಲೆಕ್ಕ ಮಾಡಿದ ದಿನ ನಾನು ಮನೆಯಲ್ಲಿದ್ದ ಸ್ಪ್ರಿಂಗುಗಳನ್ನೆಲ್ಲ ಅಳೆದು ನೋಡಿದ್ದೆ.

ಮೇಲಿನ ಲೆಕ್ಕದಲ್ಲಿ ‘ಒಟ್ಟು’ ಎಂಬ ಮಾತನ್ನು ಗಮನಿಸಿ. ಪಿಲ್ಲರಿನ ಅಡಿಯ ಸ್ಕ್ರೂ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿ ಇಟ್ಟಿರುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಆ ಅದುಮು ಹೆಚ್ಚಾಗುತ್ತದೆ, ಕೂತಾಗ ಸೀಟು ಇಳಿಯುವುದು ಅಷ್ಟೇ ಕಡಿಮೆಯಾಗುತ್ತದೆ. ಎರಡನ್ನೂ ಕೂಡಿದರೆ ಮೊತ್ತ ಅದೇ! ಅಂದರೆ ಸ್ಪ್ರಿಂಗ್ ಗಟ್ಟಿಯಾಗಲೇ ಇಲ್ಲ, ಲಯ ಬದಲಾಗಲೇ ಇಲ್ಲ. ನೀವು ತೇಲುವ ಎತ್ತರ ಮಾತ್ರ ಬದಲಾಯಿತು. ನೂರಕ್ಕೆ ತೊಂಬತ್ತು ಜನ ಇದನ್ನು ತಪ್ಪು ತಿಳಿದಿರುತ್ತಾರೆ, ಮೆಕ್ಯಾನಿಕ್ಕುಗಳೂ ಸೇರಿ. ಅತಿಯಾಗಿ ಬಿಗಿದರೆ ಇನ್ನೊಂದು ತೊಂದರೆ. ನಿಮ್ಮ ತೂಕಕ್ಕೂ ಜಗ್ಗದೆ ಸ್ಪ್ರಿಂಗ್ ಮೇಲಿನ ತುದಿಗೆ ಆತುಕೊಂಡು, ಇಡೀ ಪಿಲ್ಲರ್ ಬರೀ ಕಂಬಿಯಾಗುತ್ತದೆ. 82 ಕಿಲೋ ತೂಕಕ್ಕೆ ಸ್ಪ್ರಿಂಗ್ ತೀರ ತಳ ಮುಟ್ಟುತ್ತಿದ್ದರೆ ಗಡಸು ಸ್ಪ್ರಿಂಗನ್ನೇ ತರಿಸಿ ಹಾಕಬೇಕು.

ನನ್ನ ಪಿಲ್ಲರಿನ ಸ್ಪ್ರಿಂಗ್ ಹೊರಗೆ ತೆಗೆದಾಗ 14 ಸೆಂಟಿಮೀಟರ್, ಒಳಗೆ ಕೂತಾಗ 13. ನಾನು ಕೂತಾಗ ಸೀಟು 12 ಮಿಲಿಮೀಟರ್ ಇಳಿಯುತ್ತದೆ. ಒಟ್ಟು 2.2 ಸೆಂಟಿಮೀಟರ್. ಲಯ ಸೆಕೆಂಡಿಗೆ ಸುಮಾರು 3.4. ಕುಲುಕಿನ ವೇಗ ಸ್ಪ್ರಿಂಗಿನ ಲಯದ ಸುಮಾರು 1.4 ಪಟ್ಟು ದಾಟಿದ ಮೇಲಷ್ಟೇ ಸ್ಪ್ರಿಂಗ್ ಅದನ್ನು ಕಡಿಮೆ ಮಾಡಲು ಶುರುಮಾಡುತ್ತದೆ. ಅಂದರೆ ನನಗೆ 4.8ರಿಂದ. ಹೊಟ್ಟೆಯ ಲಯಕ್ಕೆ ಕೂದಲೆಳೆಯಷ್ಟು ಕೆಳಗೆ! ಫುಟ್‌ಪಾತಿನ ಇಂಟರ್‌ಲಾಕ್ ಇಟ್ಟಿಗೆಗಳಂತೂ, 20 ಸೆಂಟಿಮೀಟರಿಗೊಂದು ಸಂದು ಎಂದಿಟ್ಟುಕೊಂಡರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 28 ಸಲ ಕುಟ್ಟುತ್ತವೆ. ಕಾಗದದ ಮೇಲಿನ ಲೆಕ್ಕದ ಪ್ರಕಾರ ಅದರಲ್ಲಿ ಅರವತ್ತರಲ್ಲೊಂದು ಪಾಲೂ ಸೀಟಿಗೆ ತಲುಪಬಾರದು.

ರಸ್ತೆಯಲ್ಲಿ ತಲುಪುತ್ತದೆ. ಕಾರಣ ಘರ್ಷಣೆ, ಮೇಷ್ಟ್ರು ಕೇಳಿದ ಕಿರ್ ಕಿರ್ ಕೂಡ ಅದೇ. ಪಿಟೀಲಿನ ಕಮಾನು ತಂತಿಯ ಮೇಲೆ ನುಣ್ಣಗೆ ಜಾರಿದರೆ ನಾದ ಬರುವುದಿಲ್ಲ. ಅದಕ್ಕೇ ವಿದ್ವಾಂಸರು ಕಮಾನಿಗೆ ರಾಳ ಉಜ್ಜುತ್ತಾರೆ. ಕಮಾನು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಕಿತ್ತುಕೊಂಡು ಹಿಂದಕ್ಕೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಹಿಡಿದು ಬಿಡುವುದರಿಂದಲೇ ನಾದ. ಒಣಗಿದ ಪಿಲ್ಲರಿನೊಳಗೆ ಒಳಗೊಳವೆ, ಅದು ಜಾರಬೇಕಾದ ಬುಷ್ ಎರಡೂ ಇದನ್ನೇ ಮಾಡುತ್ತಿವೆ. ಸಣ್ಣ ಕುಲುಕಿಗೆ ಹಿಡಿತ ಬಿಡುವುದೇ ಇಲ್ಲ, ಸ್ಪ್ರಿಂಗಿದ್ದೂ ಇಲ್ಲದಂತೆ. ಸದ್ದು ಬಂತೆಂದರೆ ಕುಲುಕು ಸೊಂಟಕ್ಕೆ ಹೋಗುತ್ತಿದೆ ಎಂದೇ ಲೆಕ್ಕ. ಅಂಗೈಯಿಂದ ಸೀಟನ್ನು ನಿಧಾನವಾಗಿ ಒತ್ತಿ ನೋಡಿ. ಮೊದಲು ಜಗ್ಗದೆ ಆಮೇಲೆ ತಟ್ಟನೆ ಇಳಿದರೆ ರೋಗ ಇದೇ. (ಸೀಟಿನ ಕಂಬಿ ಹಿಡಿಯುವ ಕ್ಲ್ಯಾಂಪ್ ಸಡಿಲವಾದರೂ ಕಿರುಗುಡುತ್ತದೆ. ಮೊದಲು ಅದನ್ನು ಬಿಗಿದು ನೋಡಿ.)

ಬಿಚ್ಚುವುದು ಕಷ್ಟವಲ್ಲ. ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿ, ಪಿಲ್ಲರನ್ನು ಫ್ರೇಮಿನಿಂದ ಎಳೆದು ತೆಗೆಯಿರಿ. ಅಡಿಯ ಸ್ಕ್ರೂವನ್ನು ಅಲೆನ್ ಕೀಯಿಂದ ತಿರುಗಿಸಿದರೆ ಸ್ಪ್ರಿಂಗ್ ಹೊರಬರುತ್ತದೆ. ಕೊನೆಯ ಸುತ್ತಿನಲ್ಲಿ ಅದು ತಳ್ಳುತ್ತದೆ, ಮುಖ ಅದರ ನೇರಕ್ಕೆ ಬೇಡ. ಮೇಲಿನ ಬಳೆಯಂಥ ನಟ್ಟು ಬಿಚ್ಚಿ ಒಳಗೊಳವೆಯನ್ನು ಎಳೆದಾಗ ಒಂದು ಸೊಗಸಾದ ಸಾಕ್ಷ್ಯ ಕಾಣುತ್ತದೆ. ಉಜ್ಜಿದ ಗೆರೆಗಳು ಸುತ್ತಲೂ ಇರುವುದಿಲ್ಲ. ಮೇಲುಗಡೆ ಹಿಂಬದಿಯಲ್ಲಿ, ಕೆಳಗಡೆ ಮುಂಬದಿಯಲ್ಲಿ ಇರುತ್ತವೆ. ಸೀಟಿನ ಕೊಳವೆ ನೆಟ್ಟಗೆ ನಿಂತಿಲ್ಲ, ನೆಲದಿಂದ ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿದೆ. ಹಾಗಾಗಿ ಸೀಟಿನ ಮೇಲಿನ ಭಾರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬುಷ್ಷನ್ನು ಪಕ್ಕಕ್ಕೆ ಒತ್ತುತ್ತದೆ. ಮೇಷ್ಟ್ರ ಭಾರದಲ್ಲಿ 65 ಕಿಲೋ ಸೀಟಿಗೆ ಬೀಳುತ್ತದೆ ಅನ್ನೋಣ, ಸುಮಾರು 19 ಕಿಲೋ ಹೀಗೆ ಅಡ್ಡಡ್ಡ. ಗ್ರೀಸ್ ಕಳೆದುಕೊಂಡ ಬುಷ್ ಆ ಭಾರದಡಿ ಜಾರುವುದಾದರೂ ಹೇಗೆ?

ಬಟ್ಟೆಯಿಂದ ಕೆಸರು ಒರೆಸಿ, ಹೊಸ ಗ್ರೀಸ್ ಧಾರಾಳವಾಗಿ ಹಚ್ಚಿ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಬೇಡ. ಒಂದು ಧೂಳು ಹಿಡಿಯುತ್ತದೆ, ಇನ್ನೊಂದು ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಮರಳಿ ಜೋಡಿಸುವಾಗ ಅಡಿಯ ಸ್ಕ್ರೂ ಕೊಳವೆಯ ಬಾಯಿಂದ ಹೊರಗೆ ಚಾಚಬಾರದು. ಚಾಚಿದರೆ ಎಳೆಗಳ ಹಿಡಿತ ಸಾಲದೆ ಕಿತ್ತುಬರುವ ಅಪಾಯವಿದೆ. ಆಯುಧಪೂಜೆಗೆ ಸೈಕಲ್ ತೊಳೆಯುವಾಗ ಪಂಪಿನ ನೀರನ್ನು ಆ ಸಂದಿಗೆ ಬಿಡಬೇಡಿ.

ಗ್ರೀಸ್ ಹಾಕಿದರೂ ಸೀಟಿನ ಮೂತಿ ಎಡಬಲಕ್ಕೆ ತೀರಾ ಆಡುತ್ತಿದ್ದರೆ, ಒಳಗೊಳವೆಯ ಗೆರೆ ಉಗುರಿಗೆ ಸಿಕ್ಕುವಷ್ಟು ಆಳವಾಗಿದ್ದರೆ, ಅಥವಾ ಎಲ್ಲಾದರೂ ಬಿರುಕು ಕಂಡರೆ ಅಂಗಡಿಯವನ ಮಾತೇ ಸರಿ. ಕೊಳ್ಳುವ ಮೊದಲು ಪಿಲ್ಲರಿನ ಮೇಲೆ ಕೊರೆದ ಅಂಕಿ ಓದಿ. 27.2, 30.9, 31.6 ಮಿಲಿಮೀಟರ್ ಸಾಮಾನ್ಯ. ಸಣ್ಣ ಪಿಲ್ಲರನ್ನು ದೊಡ್ಡ ಫ್ರೇಮಿಗೆ ತೆಳು ತಗಡಿನ ಶಿಮ್ ಹಾಕಿ ಕೂರಿಸಬಹುದು. 0.2 ಮಿಲಿಮೀಟರ್ ದೊಡ್ಡದನ್ನು ಸುತ್ತಿಗೆಯಿಂದ ಬಡಿದು ತೂರಿಸಲು ಹೋಗಬೇಡಿ, ಫ್ರೇಮ್ ಸೀಳುತ್ತದೆ. ಕನಿಷ್ಠ ಇಷ್ಟು ಒಳಗಿರಲಿ ಎಂಬ ಗೆರೆಯನ್ನು ಮೀರಬೇಡಿ. ಕುಳ್ಳಗಿರುವವರು ಸೀಟಿನ ಕಂಬಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗವಿದೆ ಎಂದು ಮೊದಲೇ ಅಳೆಯಬೇಕು, ಸ್ಪ್ರಿಂಗ್ ಪಿಲ್ಲರಿಗೆ ಎತ್ತರ ಜಾಸ್ತಿ. ಕೈಯಲ್ಲಿ ಒಂದಿಷ್ಟು ಹೆಚ್ಚು ಹಣವಿದ್ದರೆ, ಸನ್‌ಟೂರ್ ಎನ್‌ಸಿಎಕ್ಸ್‌ನಂಥ ನಾಲ್ಕು ಕೀಲಿನ ಪಿಲ್ಲರ್ ನೋಡಿ. ಅದರಲ್ಲಿ ಕೊಳವೆಯೊಳಗೆ ಕೊಳವೆ ಜಾರುವುದಿಲ್ಲ. ಸೀಟು ಕೀಲುಗಳ ಮೇಲೆ ಹಿಂದಕ್ಕೂ ಕೆಳಕ್ಕೂ ತೂಗುತ್ತದೆ. ಅಡ್ಡ ಭಾರಕ್ಕೆ ಸಿಕ್ಕಿಕೊಳ್ಳುವ ಬುಷ್ಷೇ ಅಲ್ಲಿಲ್ಲ.

ಇಷ್ಟನ್ನೂ ಮೇಷ್ಟ್ರಿಗೆ ಬರೆದಿದ್ದೆ. ಮೊನ್ನೆ ಎರಡನೆಯ ಫೋಟೋ ಬಂತು. ಹಳೆಯ ಪಂಚೆಯ ತುಂಡಿನ ಮೇಲೆ ಸ್ಪ್ರಿಂಗ್, ಬಳೆ, ಬುಷ್ ಸಾಲಾಗಿ ಮಲಗಿವೆ. ಒಳಗೊಳವೆಯ ಹಿಂಬದಿಯ ಗೆರೆಗೆ ಅವರು ಕೆಂಪು ಪೆನ್ಸಿಲಿನಲ್ಲಿ ಬಾಣ ಹಾಕಿ ‘ನೀವು ಹೇಳಿದ ಜಾಗದಲ್ಲೇ!’ ಎಂದು ಬರೆದಿದ್ದಾರೆ. ಗೆರೆ ಉಗುರಿಗೆ ಸಿಕ್ಕಲಿಲ್ಲವಂತೆ. ಗ್ರೀಸ್ ಹಾಕಿ ಕೂತು ಅಳೆದಾಗ ಸೀಟು 14 ಮಿಲಿಮೀಟರ್ ಇಳಿಯಿತಂತೆ. ಸ್ಪ್ರಿಂಗಿನ ಸಹಜ ಉದ್ದವನ್ನು ಬರೆಯಲು ಮರೆತಿದ್ದಾರೆ. ಅದು ಬಂದರೆ ಅವರ ಲಯವನ್ನೂ ಲೆಕ್ಕ ಹಾಕಿ ತಿಳಿಸುತ್ತೇನೆ.