ಬಂಕರ್ ತೋಡಲು ಬಿಡದ ಬಯಲು

1877ರ ಅಕ್ಟೋಬರ್ ತಿಂಗಳು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆ್ಯಶ್‌ಡೌನ್ ಫಾರೆಸ್ಟ್ ಎಂಬ ಕುರುಚಲು ಬಯಲಿನಲ್ಲಿ ಜಾನ್ ಮೈಲ್ಸ್ ಎಂಬಾತ ತನ್ನ ಒಡೆಯ ಬರ್ನಾರ್ಡ್ ಹೇಲ್‌ಗಾಗಿ ಜರಿಗಿಡ ಕೊಯ್ಯುತ್ತಿದ್ದ. ಚಳಿಗಾಲದಲ್ಲಿ ಕೊಟ್ಟಿಗೆಗೆ ಹಾಸಿ, ದನ ತುಳಿದ ಮೇಲೆ ಗೊಬ್ಬರ ಮಾಡುವ ಸೊಪ್ಪು ಅದು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟ ಹೇಗೋ, ಸುತ್ತಲ ಹಳ್ಳಿಯವರಿಗೆ ಈ ಬಯಲು ಹಾಗೆ. ಆದರೆ ಜಮೀನಿನ ಒಡೆತನವಿದ್ದ ಅರ್ಲ್ ಡಿ ಲಾ ವಾರ್ ಇದನ್ನು ಒಪ್ಪಲಿಲ್ಲ. ದನ ಮೇಯಿಸುವ ಹಕ್ಕಷ್ಟೇ ಹಳ್ಳಿಯವರದು, ಕೊಯ್ದು ಒಯ್ಯುವ ಹಕ್ಕಿಲ್ಲ ಎಂಬುದು ಆತನ ವಾದ. ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿತು. ಹಳ್ಳಿಯವರ ಪರವಾಗಿ ರೇಪರ್ ಎಂಬ ವಕೀಲ ಊರೂರು ತಿರುಗಿ, ತಲೆ ನರೆತ ಮುದುಕರನ್ನು ಕೂರಿಸಿಕೊಂಡು ಅವರು ಎಷ್ಟು ಕಾಲದಿಂದ, ಎಲ್ಲೆಲ್ಲಿ ಸೊಪ್ಪು ಕೊಯ್ದಿದ್ದರೆಂದು ಬರೆದುಕೊಂಡ. ಕೊನೆಗೆ ಮೇಲ್ಮನವಿಯಲ್ಲಿ ಹಳ್ಳಿಯವರು ಗೆದ್ದರು. 1885ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯೂ ಬಂದು, ಬಯಲನ್ನು ನೋಡಿಕೊಳ್ಳಲು ಸಂರಕ್ಷಕರ ಮಂಡಳಿ ರಚನೆಯಾಯಿತು.

ಇದಾದ ಮೂರೇ ವರ್ಷಕ್ಕೆ ಗಾಲ್ಫ್ ಆಡುವವರು ಇಲ್ಲಿಗೆ ಬಂದರು.

1888ರಲ್ಲಿ ಫಾರೆಸ್ಟ್ ರೋ ಎಂಬ ಹಳ್ಳಿಯ ಅಂಚಿನಲ್ಲಿ ಶುರುವಾದ ಅವರ ಕ್ಲಬ್ಬಿಗೆ 1893ರಲ್ಲಿ ವಿಕ್ಟೋರಿಯಾ ರಾಣಿಯಿಂದ ‘ರಾಯಲ್’ ಪದವಿ ದೊರೆಯಿತು. ಹೀಗೆ ರಾಯಲ್ ಆ್ಯಶ್‌ಡೌನ್ ಫಾರೆಸ್ಟ್ ಆದ ಈ ಕ್ಲಬ್ಬಿನ ಹಳೆಯ ಕೋರ್ಸಿನಲ್ಲಿ 18 ಹೋಲ್‌ಗಳಿವೆ. ಬಂಕರ್, ಅಂದರೆ ಚೆಂಡನ್ನು ಸಿಕ್ಕಿಸಲೆಂದು ತೋಡುವ ಮರಳಿನ ಗುಂಡಿ, ಒಂದೂ ಇಲ್ಲ. ನೆಲ ಎಲ್ಲರ ಹಕ್ಕಿಗೆ ಒಳಪಟ್ಟದ್ದಾದ್ದರಿಂದ ಮಂಡಳಿಯ ಅನುಮತಿಯಿಲ್ಲದೆ ಅದರ ರೂಪ ಬದಲಿಸುವಂತಿಲ್ಲ. ಗುದ್ದಲಿ ಹಾಕುವ ಸ್ವಾತಂತ್ರ್ಯ ಇಲ್ಲದ ಕಡೆ ಇದ್ದ ಏರು, ತಗ್ಗು, ತೊರೆ, ಪೊದೆಗಳನ್ನೇ ಬಳಸಿ ಆಟ ಕಟ್ಟಬೇಕಾಯಿತು. ಕೋಟಿಗಟ್ಟಲೆ ಸುರಿದು ಗುಡ್ಡ ಕಡಿದು ಕೆರೆ ತೋಡಿಸುವ ಇಂದಿನ ಮೈದಾನಗಳಿಗಿಂತ ಈ ಕೋರ್ಸ್ ಹೆಚ್ಚು ಬುದ್ಧಿ ಬೇಡುತ್ತದೆ. ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗ, ಗಾಲ್ಫ್ ಬರಹಗಾರ ಬರ್ನಾರ್ಡ್ ಡಾರ್ವಿನ್ ಇಲ್ಲಿ ಆಡಿದಾಗ ಬಂಕರ್ ಇಲ್ಲವೆಂಬುದು ಆಟ ಮುಗಿಯುವವರೆಗೂ ಅರಿವಿಗೇ ಬಂದಿರಲಿಲ್ಲ. 1910ರಲ್ಲಿ ಬಂದ ಪುಸ್ತಕದಲ್ಲಿ ಅವರು ಇದನ್ನು ಬರೆದಿದ್ದಾರೆ.

ಬಂಕರ್ ಮಾಡಬೇಕಾದ ಕೆಲಸವನ್ನು ಇಲ್ಲಿ ಹೀದರ್ ಮಾಡುತ್ತದೆ. ಮೊಣಕಾಲಿಗೂ ಬಾರದ ಕುರುಚಲು ಗಿಡ ಅದು. ಎಲೆಗಳು ತೀರಾ ಚಿಕ್ಕವು, ಕಾಂಡ ಮಾತ್ರ ಕಟ್ಟಿಗೆಯಷ್ಟು ಗಟ್ಟಿ. ಚೆಂಡು ಅದರೊಳಗೆ ಬಿದ್ದರೆ ಕೊಂಬೆಗಳ ನಡುವೆ ಬುಡದವರೆಗೆ ಇಳಿದು ಕೂರುತ್ತದೆ. ಅಲ್ಲಿಂದ ಬಲವಾಗಿ ಬೀಸಿದರೆ ಕಾಂಡಗಳು ಚೆಂಡು ಹೊಡೆಯುವ ಕೋಲಾದ ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡು, ಅದರ ಮುಖ ತಿರುಗಿ, ಚೆಂಡು ಎಡಕ್ಕೆ ನಾಲ್ಕು ಗಜ ಹಾರಿ ಮತ್ತೆ ಹೀದರ್‌ನಲ್ಲೇ ಮುಳುಗುತ್ತದೆ. ಪಳಗಿದವರು ಆ ದುರಾಸೆಗೆ ಹೋಗುವುದಿಲ್ಲ. ಗಿಡ್ಡ ಹಿಡಿಯ ವೆಡ್ಜ್ ಕ್ಲಬ್ ಕೈಗೆತ್ತಿಕೊಂಡು, ಹುಲ್ಲು ಕತ್ತರಿಸಿದ ಹಾದಿಯಾದ ಫೇರ್‌ವೇ ಹತ್ತಿರದಲ್ಲಿ ಎಲ್ಲಿದೆ ನೋಡಿ, ಒಂದು ಹೊಡೆತ ಕಳೆದುಕೊಂಡರೂ ಸರಿ ಎಂದು ಅಡ್ಡಕ್ಕೆ ಎತ್ತಿ ಹಾಕುತ್ತಾರೆ. ಹಳದಿ ಹೂವಿನ ಮುಳ್ಳುಪೊದೆ ಗಾರ್ಸ್‌ನೊಳಗೆ ಹೋದರಂತೂ ಕೈಯೇ ತೂರುವುದಿಲ್ಲ. ಒಂದು ಹೊಡೆತದ ದಂಡ ತೆತ್ತು ಚೆಂಡನ್ನು ಹೊರಗೆ ಹಾಕಿಕೊಳ್ಳುವುದೇ ದಾರಿ.

ಆರನೇ ಹೋಲ್ ನೋಡಿದರೆ ಈ ಕೋರ್ಸಿನ ಜಾಯಮಾನ ತಿಳಿಯುತ್ತದೆ. ದೂರ ಸುಮಾರು 130 ಗಜ, ನುರಿತವರಿಗೆ ಒಂದೇ ಹೊಡೆತ. ಆದರೆ ಗ್ರೀನ್ ಅನ್ನು, ಅಂದರೆ ಗುಳಿಯಿರುವ ನುಣುಪು ಹುಲ್ಲುಹಾಸನ್ನು, ತೊರೆಯೂ ಆಳದ ಕಾಲುವೆಯೂ ಬಳಸಿಕೊಂಡಿರುವುದರಿಂದ ಅದಕ್ಕೆ ‘ಐಲ್ಯಾಂಡ್’ ಎಂದೇ ಹೆಸರು. ಗಾಳಿ ಎದುರಿಗೆ ಬೀಸುತ್ತಿದ್ದರೆ ಯಾವ ಕ್ಲಬ್ ಆರಿಸಬೇಕೆಂದು ಒಳ್ಳೊಳ್ಳೆಯ ಆಟಗಾರರೂ ಮೊದಲ ಹೊಡೆತದ ಜಾಗವಾದ ಟೀಯ ಮೇಲೆ ತಡವರಿಸುತ್ತಾರೆ.

ಹೀತ್ ಎಂದು ಕರೆಯುವ ಈ ಬಗೆಯ ಬಯಲು ಗಾಲ್ಫಿಗೆ ಒದಗಿದ್ದು ತಡವಾಗಿ. ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳು ದಿಬ್ಬಗಳ ಮೇಲೆ. ಅದು ಇಂಗ್ಲೆಂಡಿನ ಒಳನಾಡಿಗೆ ಬಂದಾಗ ಸಿಕ್ಕಿದ್ದು ಜೇಡಿ ಮಣ್ಣು. ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಲಂಡನ್ನಿನ ನೈಋತ್ಯಕ್ಕೆ ಸರೆ ಮತ್ತು ಬರ್ಕ್‌ಷೈರ್ ಸೀಮೆಗಳಲ್ಲಿ ಮರಳು ಮಣ್ಣಿನ ಪಟ್ಟಿಯೊಂದಿತ್ತು. ಬೇಸಾಯಕ್ಕೆ ಬಾರದ ನೆಲ. ಆ ಹುಳಿ ಮಣ್ಣಿನಲ್ಲಿ ಸತ್ವ ಕಡಿಮೆ, ನೀರು ನಿಲ್ಲುವುದಿಲ್ಲ, ಹುಲ್ಲು ಸಣ್ಣಗೆ ಬಿಗಿಯಾಗಿ ಬೆಳೆಯುತ್ತದೆ, ಬಿದ್ದ ಚೆಂಡು ಉರುಳುತ್ತಾ ಹೋಗುತ್ತದೆ. ಗಾಲ್ಫಿಗೆ ಬೇಕಾದದ್ದು ಇದೇ. 1893ರಲ್ಲಿ ಲಂಡನ್ನಿನ ಬ್ಯಾರಿಸ್ಟರುಗಳು ವೋಕಿಂಗ್‌ನಲ್ಲಿ ಕ್ಲಬ್ ಕಟ್ಟಿದರು. 1901ರಲ್ಲಿ ವಿಲ್ಲಿ ಪಾರ್ಕ್ ಜೂನಿಯರ್ ರೂಪಿಸಿದ ಸನ್ನಿಂಗ್‌ಡೇಲ್, 1904ರಲ್ಲಿ ಹರ್ಬರ್ಟ್ ಫೌಲರ್ ರೂಪಿಸಿದ ವಾಲ್ಟನ್ ಹೀತ್ ತೆರೆದವು. 1926ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಓಪನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ ಸನ್ನಿಂಗ್‌ಡೇಲನ್ನು 66 ಹೊಡೆತಗಳಲ್ಲಿ ಮುಗಿಸಿದರು. ಮೊದಲರ್ಧ 33, ಎರಡನೆಯರ್ಧ 33. ಒಟ್ಟಿನಲ್ಲಿ ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ 33, ಉಳಿದ ಹೊಡೆತಗಳು 33. ಅಷ್ಟು ಸಮತೂಕದ ಆಟ ಗಾಲ್ಫ್ ಚರಿತ್ರೆಯಲ್ಲಿ ಅಪರೂಪ. 2023ರ ಮಹಿಳೆಯರ ಓಪನ್ ನಡೆದದ್ದು ವಾಲ್ಟನ್ ಹೀತ್‌ನಲ್ಲಿ. ಲಿಲಿಯಾ ವು ಗೆದ್ದ ಆ ಪಂದ್ಯದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೂಡ ಆಡಿದ್ದರು. ಅಂದಹಾಗೆ, 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ ಇಲ್ಲಿ ಹೆಸರಿಸಿದ ಎಲ್ಲ ಇಂಗ್ಲಿಷ್ ಕ್ಲಬ್ಬುಗಳಿಗಿಂತ ಹಿರಿಯದು.

ಸರೆಯ ಸಿರಿವಂತ ಕ್ಲಬ್ಬುಗಳ ಚರಿತ್ರೆಯಲ್ಲಿ ಮಂತ್ರಿಗಳ, ರಾಜಕುಮಾರರ ಹೆಸರು ಸಿಗುತ್ತದೆ. ಆ್ಯಶ್‌ಡೌನ್‌ನ ಹೆಮ್ಮೆ ಬೇರೆ. 1892ರಲ್ಲಿ ಫಾರೆಸ್ಟ್ ರೋದ ಕೂಲಿಗಳು, ಬಡಗಿಗಳು, ತೋಟದಾಳುಗಳು ತಮ್ಮದೇ ಕ್ಯಾಂಟಲೂಪ್ ಕ್ಲಬ್ ಕಟ್ಟಿಕೊಂಡರು. ಶ್ರೀಮಂತ ಸದಸ್ಯರು ಆಡುವ ಅದೇ ಕೋರ್ಸಿನಲ್ಲಿ ಇವರೂ ಕಡಿಮೆ ಖರ್ಚಿನಲ್ಲಿ ಆಡಬಹುದಿತ್ತು. ಇಂಥ ಕೆಲಸಗಾರರ ಕ್ಲಬ್ಬುಗಳು ಇಂಗ್ಲೆಂಡಿನ ಬೇರೆಡೆಯೂ ಇದ್ದವು. ಆದರೆ ಕ್ಯಾಂಟಲೂಪ್‌ನಿಂದ ಬಂದವರಲ್ಲಿ ಏಬ್ ಮಿಚೆಲ್ ಒಬ್ಬರು. ಅವರು 1912ರ ಅಮೆಚೂರ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಾನ್ ಬಾಲ್ ಎದುರು 38ನೇ ಹೋಲ್‌ವರೆಗೆ ಸೆಣಸಿ ಸೋತರು. 36 ಹೋಲ್‌ಗಳ ಪಂದ್ಯ ಸಮವಾಗಿ ಮುಗಿದು ಮುಂದುವರಿದಿತ್ತು. ಮುಂದೆ ವೃತ್ತಿಪರರಾದ ಅವರನ್ನು ಬೀಜದ ವ್ಯಾಪಾರಿ ಸ್ಯಾಮ್ಯುಯೆಲ್ ರೈಡರ್ ತಮ್ಮ ಗಾಲ್ಫ್ ಗುರುವಾಗಿ ನೇಮಿಸಿಕೊಂಡರು. ಅಮೆರಿಕ ಮತ್ತು ಯುರೋಪಿನ ತಂಡಗಳು ಇಂದಿಗೂ ಕಾದಾಡುವ ರೈಡರ್ ಕಪ್‌ನ ಮುಚ್ಚಳದ ಮೇಲೆ, ಕ್ಲಬ್ ಹಿಡಿದು ನಿಂತ ಪುಟ್ಟ ಚಿನ್ನದ ಮೂರ್ತಿ ಏಬ್ ಮಿಚೆಲ್ ಅವರದೇ. ಸಾಮಾನ್ಯರ ಬಯಲಿನಲ್ಲಿ ಆಟ ಕಲಿತವನಿಗೆ ಸಂದ ಈ ಗೌರವ ಮನಸ್ಸು ತುಂಬುವಂಥದ್ದು.

ಹೀತ್ ತಾನಾಗಿ ಉಳಿಯುವ ನೆಲವಲ್ಲ. ಸಾವಿರಾರು ವರ್ಷಗಳ ಹಿಂದೆ ಕಾಡು ಕಡಿದು, ದನ ಕುರಿ ಮೇಯಿಸಿ, ಸೌದೆ ಸೊಪ್ಪು ಒಯ್ದು ಮನುಷ್ಯರೇ ಮಾಡಿದ್ದು. ಮೇಯಿಸುವುದು, ಕೊಯ್ಯುವುದು ನಿಂತರೆ ಬರ್ಚ್, ಪೈನ್ ಸಸಿಗಳು ಎದ್ದು ಕೆಲವೇ ದಶಕಗಳಲ್ಲಿ ಹೀದರ್ ನೆರಳಿಗೆ ಸಿಕ್ಕಿ ಸಾಯುತ್ತದೆ. ಜಗತ್ತಿನ ತಗ್ಗುನಾಡಿನ ಹೀತ್‌ನಲ್ಲಿ ಸುಮಾರು ಶೇ 20ರಷ್ಟು ಬ್ರಿಟನ್ನಿನಲ್ಲಿದೆ; 1800ರಲ್ಲಿ ಅಲ್ಲಿದ್ದುದರಲ್ಲಿ ಶೇ 80ಕ್ಕೂ ಹೆಚ್ಚು ಈಗಾಗಲೇ ಹೋಗಿದೆ. ನೈಟ್‌ಜಾರ್, ಡಾರ್ಟ್‌ಫರ್ಡ್ ವಾರ್ಬ್ಲರ್‌ನಂಥ ಹಕ್ಕಿಗಳಿಗೆ ಈ ತೆರೆದ ಕುರುಚಲೇ ಮನೆ. ಸುಮಾರು 2,500 ಹೆಕ್ಟೇರಿನ ಆ್ಯಶ್‌ಡೌನ್‌ನಲ್ಲಿ ಈಗ ಸಂರಕ್ಷಕರು ಸಸಿ ಕಡಿಯುತ್ತಾರೆ, ಕುರಿ ಮತ್ತು ಗಿಡ್ಡ ಕುದುರೆ ಜಾತಿಯ ಎಕ್ಸ್‌ಮೂರ್ ಪೋನಿಗಳನ್ನು ಮೇಯಲು ಬಿಡುತ್ತಾರೆ. ಬೇರೆ ಹೀತ್‌ಗಳಲ್ಲಿ ಗಾಲ್ಫ್ ಕ್ಲಬ್ಬುಗಳೇ ಮುಂದಾಗಿ, ಫೇರ್‌ವೇ ಬದಿಯ ಪೈನ್ ಮರಗಳನ್ನು ತೆಗೆಸಿ ಹೀದರನ್ನು ಮರಳಿ ತರುತ್ತಿವೆ. ಮರ ಕಡಿಯುವುದೆಂದರೆ ಸುತ್ತಲಿನ ನಿವಾಸಿಗಳಿಗೆ ಸಿಟ್ಟು ಬರುವುದು ಸಹಜ. ಆದರೆ ಈ ನೆಲದಲ್ಲಿ ಕೊಡಲಿ ಹಿಡಿದವರ ಪಕ್ಷವೇ ಸರಿ.

ಎ.ಎ. ಮಿಲ್ನ್‌ರ ವಿನ್ನಿ ದ ಪೂ ಎಂಬ ಮಕ್ಕಳ ಕಥೆಗಳ ಕಾಡು ಇದೇ ಆ್ಯಶ್‌ಡೌನ್ ಆದ್ದರಿಂದ ಮಕ್ಕಳ ಕೈ ಹಿಡಿದು ಬರುವ ಪ್ರವಾಸಿಗರಿಗೂ ಇಲ್ಲಿ ಕೊರತೆಯಿಲ್ಲ. ಬಯಲಿನಲ್ಲಿ ನಡೆದಾಡುವ ಹಕ್ಕು ಸಾರ್ವಜನಿಕರಿಗೆ ಇರುವುದರಿಂದ, ನಾಯಿ ಕರೆದುಕೊಂಡು ಬಂದವರು ಫೇರ್‌ವೇ ದಾಟುತ್ತಿದ್ದರೆ ಆಡುವವರು ಕ್ಲಬ್ ಕೆಳಗಿಳಿಸಿ ಕಾಯುತ್ತಾರೆ. ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರ, ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ರೈಲಿದೆ. ಸದಸ್ಯರಲ್ಲದವರೂ ಶುಲ್ಕ ಕೊಟ್ಟು ಆಡಬಹುದು. ಹೀದರ್ ನೇರಳೆ ಹೂ ತುಂಬಿಕೊಳ್ಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಚೆಂಡು ಹುಡುಕಲು ಅತಿ ಕಷ್ಟದ ತಿಂಗಳುಗಳೂ ಅವೇ.