ಅಂಗನವಾಡಿ ಊಟಕ್ಕೆ 40% ಅಂಗವೈಕಲ್ಯ ಪ್ರಮಾಣಪತ್ರ ಬೇಕೇ? ಐಗಳಿಯಿಂದ ಬಂದ ಫಾರ್ವರ್ಡ್‌ನಲ್ಲಿ ನಿಜವೆಷ್ಟು

“ವಿಕಲಚೇತನ ಮಕ್ಕಳಿಗೆ ಅಂಗನವಾಡಿಯ ಊಟ, ಹಾಲು, ಮೊಟ್ಟೆ ಸಿಗಬೇಕಾದರೆ 40% ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಕಡ್ಡಾಯ. ಇಲ್ಲದವರ ಹೆಸರು ಪಟ್ಟಿಯಿಂದ ತೆಗೆಯುತ್ತಾರೆ. ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ.”

ಅಥಣಿ ತಾಲ್ಲೂಕಿನ ಐಗಳಿಯಿಂದ ಓದುಗರೊಬ್ಬರು ಈ ಫಾರ್ವರ್ಡನ್ನು ನಮಗೆ ಕಳಿಸಿ, ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿದ್ದರು. ಅವರ ಅಕ್ಕನ ಮಗಳಿಗೆ ಮೂರು ವರ್ಷ. ಇನ್ನೂ ಆಧಾರವಿಲ್ಲದೆ ಕೂರಲು ಬರುವುದಿಲ್ಲ. ಮೆಸೇಜ್ ನೋಡಿದ ಮನೆಯವರು ‘ಸರ್ಟಿಫಿಕೇಟ್ ಆದಮೇಲೆ ಕಳಿಸಿದರಾಯ್ತು, ಸುಮ್ಮನೆ ಹೋಗಿ ಅನ್ನಿಸಿಕೊಳ್ಳುವುದು ಯಾಕೆ’ ಎಂದು ಮಗುವನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಐಗಳಿ ಕಡೆಯವರಿಗೆ ಜಿಲ್ಲಾ ಕೇಂದ್ರ ಬೆಳಗಾವಿಗಿಂತ ವಿಜಯಪುರ, ಮಿರಜವೇ ಹತ್ತಿರ. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಎರಡು ಮೂರು ಸಲ ಓಡಾಡಬೇಕೆಂದರೆ ‘ಆದಮೇಲೆ’ ಎನ್ನುವುದು ಎಷ್ಟು ತಿಂಗಳಾಗುತ್ತದೋ ಯಾರೂ ಹೇಳಲಾರರು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಫಾರ್ವರ್ಡ್ ಸುಳ್ಳು. ಅಂಗನವಾಡಿ ಊಟಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಡ. ಬಿಪಿಎಲ್ ಕಾರ್ಡ್ ಕೂಡ ಬೇಡ.

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 5ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ವಯಸ್ಸಿಗೆ ತಕ್ಕ ಆಹಾರವನ್ನು ಸ್ಥಳೀಯ ಅಂಗನವಾಡಿಯ ಮೂಲಕ ಉಚಿತವಾಗಿ ಕೊಡಬೇಕು. ಅಲ್ಲಿ ನೋಡುವುದು ವಯಸ್ಸನ್ನು. ಮಗು ನಡೆಯುತ್ತದೆಯೇ, ಮಾತಾಡುತ್ತದೆಯೇ ಎಂಬ ಷರತ್ತಿಲ್ಲ. ಇದು ಯಾರೋ ಒಬ್ಬ ಅಧಿಕಾರಿಯ ದೊಡ್ಡ ಮನಸ್ಸಿನಿಂದ ಬಂದದ್ದೂ ಅಲ್ಲ. ಪಿಯುಸಿಎಲ್ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ಅಂಗನವಾಡಿ ಸೇವೆಗೆ ಬಿಪಿಎಲ್ ಅನ್ನು ಅರ್ಹತೆಯ ಮಾನದಂಡವಾಗಿ ಬಳಸಬಾರದು ಎಂದು 2004ರಲ್ಲೇ ಕೋರ್ಟ್ ಹೇಳಿತ್ತು. 2006ರ ಡಿಸೆಂಬರ್‌ನಲ್ಲಿ, ಆರು ವರ್ಷದೊಳಗಿನ ಎಲ್ಲಾ ಮಕ್ಕಳಿಗೂ ಈ ಸೇವೆ ತಲುಪಬೇಕು ಎಂದು ಆದೇಶಿಸಿತು.

ಹಾಗಾದರೆ ಈ 40% ಎಲ್ಲಿಂದ ಬಂತು?

ಸುಳ್ಳು ಫಾರ್ವರ್ಡ್‌ಗಳಲ್ಲಿ ಹೆಚ್ಚಿನವು ಪೂರ್ತಿ ಸುಳ್ಳಲ್ಲ, ಎಲ್ಲಿಯದೋ ನಿಜವನ್ನು ತಂದು ಇನ್ನೆಲ್ಲಿಗೋ ಅಂಟಿಸಿರುತ್ತಾರೆ. ಇದೂ ಅಂಥದ್ದೇ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ 40% ಅಥವಾ ಹೆಚ್ಚು ಇದ್ದವರಿಗೆ ಉದ್ಯೋಗ ಮೀಸಲಾತಿಯಂಥ ಕೆಲವು ಸೌಲಭ್ಯಗಳಿವೆ. ಇನ್ನು ಯುಡಿಐಡಿ: ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆಯ 17 ಯೋಜನೆಗಳಿಗೆ 2023ರ ಏಪ್ರಿಲ್ 1ರಿಂದ ಆ ಸಂಖ್ಯೆಯನ್ನು ಕೇಳುತ್ತಿದ್ದಾರೆ, ಕಾರ್ಡ್ ಬಾರದವರಿಗೆ ನೋಂದಣಿ ಸಂಖ್ಯೆ ಕೊಡುವ ಅವಕಾಶವೂ ಇದೆ. ಆದರೆ ಅಂಗನವಾಡಿ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ. ಆ ಇಲಾಖೆಯ ನಿಯಮವನ್ನು ಈ ಇಲಾಖೆಯ ಅಡುಗೆಮನೆಗೆ ತಂದಿಟ್ಟರೆ ಹುಟ್ಟುವುದೇ ಇಂಥ ಮೆಸೇಜು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇರಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವ ಪದ್ಧತಿ ಬಂದಿದೆ. ಅದು ಆಹಾರ ಪಡೆಯುವವರ ಗುರುತಿಗಾಗಿ. ಅಂಗವೈಕಲ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಮೆಸೇಜ್ ಬರೆದವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ಅಂಗವೈಕಲ್ಯವನ್ನು 5 ವರ್ಷ ದಾಟಿದ ಮೇಲಷ್ಟೇ ಆ ಹೆಸರಿನಿಂದ ದಾಖಲಿಸುತ್ತಾರೆ. ಒಂದರಿಂದ ಐದು ವರ್ಷದ ಮಕ್ಕಳಿಗೆ ‘ಒಟ್ಟಾರೆ ಬೆಳವಣಿಗೆಯಲ್ಲಿ ವಿಳಂಬ’ ಎಂದು ಬರೆಯುತ್ತಾರೆ. ಪುಟ್ಟ ಮಕ್ಕಳ ಬೆಳವಣಿಗೆ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಆತುರದಲ್ಲಿ ಮುದ್ರೆ ಒತ್ತುವುದಿಲ್ಲ. ಅಂದರೆ ಅಂತಿಮ ಪ್ರಮಾಣಪತ್ರಕ್ಕಾಗಿ ಕಾಯುತ್ತ ಕೂತರೆ ಎಷ್ಟೋ ಮಕ್ಕಳಿಗೆ ಅಂಗನವಾಡಿಯ ವಯಸ್ಸೇ ಮುಗಿದುಹೋಗುತ್ತದೆ!

ನಿಜವಾದ ದಾರಿ ಫಾರ್ವರ್ಡ್ ಹೇಳುವುದಕ್ಕೆ ಉಲ್ಟಾ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ವಿಳಂಬ, ಕಿವಿ ಕಣ್ಣಿನ ತೊಂದರೆ ಕಂಡರೆ ಮುಂದಿನ ಆಸ್ಪತ್ರೆಗೆ ಕಳಿಸುವುದು ಅವರ ಕೆಲಸ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದಿವ್ಯಾಂಗ ಮಕ್ಕಳಿಗಾಗಿಯೇ ‘ಅಂಗನವಾಡಿ ಪ್ರೋಟೋಕಾಲ್’ ಹೊರತಂದಿತು. ಅದರ ಕ್ರಮವೂ ಇದೇ: ಮೊದಲು ಗುರುತಿಸು, ಕೇಂದ್ರದೊಳಗೆ ಸೇರಿಸಿಕೋ, ಆಶಾ ಕಾರ್ಯಕರ್ತೆ ಮತ್ತು ಆರ್‌ಬಿಎಸ್‌ಕೆ ತಂಡದ ಮೂಲಕ ಚಿಕಿತ್ಸೆಗೆ ಕಳಿಸು. ಮನೆಯಲ್ಲೇ ಉಳಿದ ಮಗುವಿಗೆ ಊಟದ ಜೊತೆ ಈ ತಪಾಸಣೆಯೂ ತಪ್ಪುತ್ತದೆ.

ಮಗು ಸಣಕಲಾಗಿದ್ದರೆ ತೂಕ ಮಾಡಿಸಲೇಬೇಕು. 2013ರಲ್ಲಿ ಕಾಯ್ದೆ ಬಂದಾಗಿನ ಮೂಲ ಪಟ್ಟಿಯಲ್ಲಿ ಸಾಮಾನ್ಯ ಮಗುವಿಗೆ ದಿನಕ್ಕೆ 500 ಕಿಲೋ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದಿದ್ದರೆ, ಅಪೌಷ್ಟಿಕತೆ ಇರುವ ಮಗುವಿಗೆ 800 ಕಿಲೋ ಕ್ಯಾಲೊರಿ, 20ರಿಂದ 25 ಗ್ರಾಂ ಪ್ರೋಟೀನ್ ಎಂದು ಬರೆದಿತ್ತು. ಈ ಹೆಚ್ಚುವರಿ ಪಾಲಿಗೂ ಅಂಗವೈಕಲ್ಯದ ಶೇಕಡಾವಾರು ಲೆಕ್ಕವಿಲ್ಲ, ಬೇಕಿರುವುದು ಅಳತೆ. ನಿಲ್ಲಲಾಗದ ಮಗುವನ್ನು ತೂಗುವುದು ಹೇಗೆ ಎಂದು ಕೇಳಬಹುದು. ತಾಯಿ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು ಕಳೆದರಾಯ್ತು. ಕೈಕಾಲು ಬಿಗಿದುಕೊಂಡಿರುವ ಮಗುವಿನ ಎತ್ತರ ಅಳೆಯುವುದು ಕಷ್ಟ. ಅಲ್ಲಿ ತೋಳಿನ ಸುತ್ತಳತೆಯ ಪಟ್ಟಿ ನೆರವಿಗೆ ಬರುತ್ತದೆ. ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡುವಂತಿಲ್ಲ.

ಊಟ ಸಿಕ್ಕಿತು, ಆದರೆ ಮಗು ನುಂಗಬೇಕಲ್ಲ? ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಕಷ್ಟ ಇರುವುದೇ ಇಲ್ಲಿ. ಮಲಗಿಸಿ ಉಣಿಸುವುದು, ತಲೆ ಹಿಂದಕ್ಕೆ ವಾಲಿಸಿ ನೀರು ಹಾಕುವುದು ಅಪಾಯ. ಆಹಾರ ಶ್ವಾಸನಾಳಕ್ಕೆ ಇಳಿದು ಮತ್ತೆ ಮತ್ತೆ ಕೆಮ್ಮು, ನ್ಯುಮೋನಿಯಾ ಬರಬಹುದು. ಬೆನ್ನಿಗೆ ಆಧಾರ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರುವಂತೆ ನೋಡಿಕೊಂಡು, ಸಣ್ಣ ಸಣ್ಣ ತುತ್ತು ಕೊಡಬೇಕು. ರೊಟ್ಟಿ ಬೇಡ, ಮೆತ್ತಗೆ ಬೆಂದ ಕಿಚಡಿ, ಜೋಳದ ನುಚ್ಚು, ಕಿವುಚಿದ ಮೊಟ್ಟೆ ಆಗುತ್ತದೆ. ತೆಳ್ಳಗಿನ ನೀರಿಗೆ ಕೆಮ್ಮುವ ಮಗು ಗಟ್ಟಿ ಗಂಜಿಯನ್ನು ಸಲೀಸಾಗಿ ನುಂಗುವುದುಂಟು. ಪ್ರತಿ ಊಟಕ್ಕೂ ಕೆಮ್ಮಿದರೆ ವೈದ್ಯರಿಗೆ ತೋರಿಸಿ.

ಇಷ್ಟನ್ನೆಲ್ಲ ಮಾಡಲು ಕೈ ಬೇಕು. ಒಂದು ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಒಂದು ಮಗುವಿಗೆ ಅರ್ಧ ಗಂಟೆ ಕೂತು ಉಣಿಸು ಎಂದು ಪ್ರೋಟೋಕಾಲ್ ಹೇಳುವುದು ಸುಲಭ. ನಮ್ಮ ಅಭಿಪ್ರಾಯ ಕೇಳಿದರೆ, ಕೊರತೆ ಇರುವುದು ಕಾಗದದಲ್ಲಿ ಅಲ್ಲ, ಕೈಗಳಲ್ಲಿ. ಕೆಲವು ದಿನ ತಾಯಿಯೋ ಅಜ್ಜಿಯೋ ಊಟದ ಹೊತ್ತಿಗೆ ಹೋಗಿ ಉಣಿಸುವ ಬಗೆ ತೋರಿಸಿಕೊಟ್ಟರೆ ಕಾರ್ಯಕರ್ತೆಯ ಭಯವೂ ಕಡಿಮೆಯಾಗುತ್ತದೆ.

ಆರು ವರ್ಷ ದಾಟಿದ ಮೇಲೆ ಶಾಲೆಯ ಬಿಸಿಯೂಟ. ಅಲ್ಲಿಯೂ ಅಂಗವೈಕಲ್ಯದ ಪ್ರಮಾಣಪತ್ರ ಕೇಳುವಂತಿಲ್ಲ. ಆದರೆ ಇಲ್ಲೊಂದು ನಿಜವಾದ ತೂತಿದೆ. ಕಾಯ್ದೆ ಹೇಳುವುದು ‘ಶಾಲೆಗಳಲ್ಲಿ’ ಊಟ ಎಂದು. ದಾಖಲಾತಿ ಶಾಲೆಯಲ್ಲಿದ್ದು, ತೀವ್ರ ಅಂಗವೈಕಲ್ಯದಿಂದಾಗಿ ಮನೆಯಲ್ಲೇ ಕಲಿಯುವ ಮಕ್ಕಳ ತಟ್ಟೆಯ ಬಗ್ಗೆ ಆ ಸೆಕ್ಷನ್ ಏನನ್ನೂ ಹೇಳುವುದಿಲ್ಲ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಬಿಸಿಯೂಟದ ಅಕ್ಕಿ ಬೇಳೆಯನ್ನು ಮಕ್ಕಳ ಮನೆಗೆ ಕೊಟ್ಟಿದ್ದು ನೆನಪಿರಬಹುದು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಂತೂ ಆಗಲೇ ಗೊತ್ತಾಗಿದೆ.

‘ಮನೆಯಲ್ಲಿ ಅಂಗವಿಕಲರಿದ್ದರೆ ಅಂತ್ಯೋದಯ ಕಾರ್ಡ್ ತಾನಾಗೇ ಬರುತ್ತದೆ’ ಎಂಬ ಇನ್ನೊಂದು ಮೆಸೇಜೂ ಓಡಾಡುತ್ತಿದೆ. ತಾನಾಗೇ ಬರುವುದಿಲ್ಲ. ತಿಂಗಳಿಗೆ ಕುಟುಂಬಕ್ಕೆ 35 ಕೆ.ಜಿ. ಧಾನ್ಯದ ಆ ಯೋಜನೆಯಲ್ಲಿ, ಜೀವನಕ್ಕೆ ಖಚಿತ ಆಧಾರವಿಲ್ಲದ ಅಂಗವಿಕಲರು ಯಜಮಾನರಾಗಿರುವ ಕುಟುಂಬ ಅರ್ಹ. ಯಾರ ಆಸರೆಯೂ ಇಲ್ಲದೆ ಒಂಟಿಯಾಗಿರುವ ಅಂಗವಿಕಲರೂ ಅರ್ಹರು. ಅರ್ಹರನ್ನು ಬಿಡದೆ ಪಡಿತರ ಪಟ್ಟಿಗೆ ಸೇರಿಸಿ ಎಂದು ಕೇಂದ್ರ ಆಹಾರ ಇಲಾಖೆ 2020ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಬರೆದಿತ್ತು. ಅರ್ಜಿಯನ್ನಂತೂ ಹಾಕಲೇಬೇಕು.

ಪ್ರಮಾಣಪತ್ರ ಮಾಡಿಸುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. ಮಾಸಾಶನಕ್ಕೆ, ಬಸ್ ಪಾಸ್‌ಗೆ ಅದು ಬೇಕೇ ಬೇಕು. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಕೇಳಿ, ಅರ್ಜಿಗೆ ಸಹಾಯ ಮಾಡುವುದು ಅವರ ಕೆಲಸ. ಅದು ಅದರ ಪಾಡಿಗೆ ನಡೆಯಲಿ, ಮಗು ನಾಳೆಯಿಂದಲೇ ಅಂಗನವಾಡಿಗೆ ಹೋಗಲಿ. ಯಾರಾದರೂ ಕಾಗದ ಕೇಳಿ ವಾಪಸ್ ಕಳಿಸಿದರೆ, ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ಅಲ್ಲಿಂದ ಮೇಲ್ವಿಚಾರಕಿ, ಸಿಡಿಪಿಒ, ಅದಕ್ಕೂ ಮೇಲೆ ಆಹಾರ ಭದ್ರತಾ ಕಾಯ್ದೆಯಡಿಯ ಜಿಲ್ಲಾ ಕುಂದುಕೊರತೆ ಅಧಿಕಾರಿ ಮತ್ತು ರಾಜ್ಯ ಆಹಾರ ಆಯೋಗ ಇದ್ದಾರೆ.

ಐಗಳಿಯ ಓದುಗರಿಗೆ ಇದನ್ನೇ ಚಿಕ್ಕದಾಗಿ ವಾಯ್ಸ್ ಮೆಸೇಜ್‌ನಲ್ಲಿ ಹೇಳಿ ಕಳಿಸಿದ್ದೇವೆ, ಅವರ ಅಕ್ಕನಿಗೂ ಕೇಳಿಸಲಿ ಎಂದು.