ನೀರೊಳಗೆ ಕೆಂಪು ಕಪ್ಪಾಗುವುದೇಕೆ?

20 ಮೀಟರ್ ಆಳದಲ್ಲಿ ಬಂಡೆ ತರಚಿ ಡೈವರ್‌ನ ಬೆರಳಿನಿಂದ ರಕ್ತ ಬಂದರೆ, ಅದು ಹಸಿರು ಬೆರೆತ ಕಂದು ಬಣ್ಣದಲ್ಲಿ ಕಾಣುತ್ತದೆ. ಟಾರ್ಚ್ ಹಾಕಿದ ಕೂಡಲೇ ಕೆಂಪಾಗುತ್ತದೆ. ಅಷ್ಟು ಆಳಕ್ಕೆ ಇಳಿದ ಬಿಸಿಲಿನಲ್ಲಿ ಕೆಂಪಿನ ಅಂಶವೇ ಉಳಿದಿರುವುದಿಲ್ಲ. ಇಲ್ಲದ ಬೆಳಕನ್ನು ರಕ್ತ ಹಿಂತಿರುಗಿಸುವುದಾದರೂ ಹೇಗೆ?

ತಿಳಿಯಾದ ಸಮುದ್ರದಲ್ಲಿ ಕೆಂಪಿನ ಬಹುಪಾಲು ಮೊದಲ ಐದಾರು ಮೀಟರ್‌ಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಕಿತ್ತಳೆ, ಹಳದಿ ಮಂಕಾಗುತ್ತವೆ. ಎಲ್ಲಕ್ಕಿಂತ ಆಳಕ್ಕೆ ಹೋಗುವುದು ನೀಲಿ. ಡೈವಿಂಗ್ ಪಾಠದಲ್ಲಿ ಸಾಮಾನ್ಯವಾಗಿ ಇಷ್ಟನ್ನೇ ಹೇಳಿಕೊಡುತ್ತಾರೆ. ಆದರೆ ಹೊಳೆ ಸೇರುವ ಜಾಗದ, ಬಂದರಿನ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ. ಕೊಳೆತ ಎಲೆ, ಗಿಡಗಳಿಂದ ಇಳಿದ ಹಳದಿ ಕಂದು ರಸ ಆ ನೀರಿನಲ್ಲಿ ಕರಗಿರುತ್ತದೆ, ಅದು ನೀಲಿಯನ್ನೇ ಮೊದಲು ಹೀರಿಬಿಡುತ್ತದೆ. ಅಲ್ಲಿ ಹಸಿರು, ಹಳದಿ, ಕೆಲವೆಡೆ ಕಿತ್ತಳೆ ಕೆಂಪು ಬೆಳಕೇ ಹೆಚ್ಚು ದೂರ ಸಾಗುತ್ತದೆ.

ಅಮೆರಿಕ ನೌಕಾಪಡೆಗೆ ಇದು ಜೀವದ ಪ್ರಶ್ನೆಯಾಗಿತ್ತು. ಜೊತೆಗಾರನ ಸಿಲಿಂಡರಿಗೆ, ಕಟ್ಟಿದ ಹಗ್ಗಕ್ಕೆ, ತಳದಲ್ಲಿ ಬಿಟ್ಟ ಉಪಕರಣಕ್ಕೆ ಯಾವ ಬಣ್ಣ ಬಳಿದರೆ ಕಣ್ಣಿಗೆ ಬೀಳುತ್ತದೆ? ಕನೆಕ್ಟಿಕಟ್ ರಾಜ್ಯದ ಗ್ರೋಟನ್‌ನಲ್ಲಿರುವ ಸಬ್‌ಮರೀನ್ ವೈದ್ಯಕೀಯ ಪ್ರಯೋಗಾಲಯದ ಜೋ ಆನ್ ಕಿನ್ನಿ, ಎಸ್. ಎಂ. ಲೂರಿಯಾ ಮತ್ತು ಸಂಗಡಿಗರು ಡೈವರ್‌ಗಳನ್ನು ನಾಲ್ಕು ಬಗೆಯ ನೀರಿಗೆ ಇಳಿಸಿ ಇದನ್ನು ಪರೀಕ್ಷಿಸಿದರು: ಕನೆಕ್ಟಿಕಟ್‌ನದೇ ಥೇಮ್ಸ್ ಎಂಬ ಕಲಕು ನದಿ, ಅದಕ್ಕಿಂತ ತಿಳಿಯಾದ ಲಾಂಗ್ ಐಲ್ಯಾಂಡ್ ಸೌಂಡ್, ಮೆಕ್ಸಿಕೊ ಕೊಲ್ಲಿ, ಫ್ಲೋರಿಡಾದ ಸ್ಫಟಿಕದಂಥ ಮಾರಿಸನ್ ಚಿಲುಮೆ. 1967ರಲ್ಲಿ ಪ್ರಕಟವಾದ ಫಲಿತಾಂಶದ ತಿರುಳು ಇದು: ಎಲ್ಲ ನೀರಿಗೂ ಒಗ್ಗುವ ಒಂದೇ ಬಣ್ಣವಿಲ್ಲ. ಕಲಕು ನೀರಿನಲ್ಲಿ ಕಿತ್ತಳೆ ಗೆದ್ದಿತು, ತಿಳಿನೀರಿಗೆ ಹೋದಂತೆ ಗೆಲುವು ಹಸಿರಿನ ಕಡೆಗೆ ಸರಿಯಿತು. ಫ್ಲೋರೊಸೆಂಟ್ ಬಣ್ಣಗಳು ಮಾತ್ರ ಎಲ್ಲ ಕಡೆಯೂ ಮಾಮೂಲು ಬಣ್ಣಗಳಿಗಿಂತ ಮುಂದಿದ್ದವು.

ಅದಕ್ಕೆ ಕಾರಣ ಸೊಗಸಾಗಿದೆ. ಮಾಮೂಲು ಕಿತ್ತಳೆ ಬಣ್ಣ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕಿತ್ತಳೆ ಇದ್ದರೆ ಮಾತ್ರ ಅದನ್ನು ಮರಳಿಸಬಲ್ಲದು. ಹೈಲೈಟರ್ ಪೆನ್ನಿನ ಶಾಯಿಯಂಥ ಫ್ಲೋರೊಸೆಂಟ್ ಬಣ್ಣ, ಆಳದಲ್ಲೂ ಸಿಗುವ ನೀಲಿ ಹಸಿರು ಬೆಳಕನ್ನು ನುಂಗಿ, ಅದನ್ನು ಕಿತ್ತಳೆಯಾಗಿ ಹೊರಹಾಕುತ್ತದೆ. ಸುತ್ತ ಕಿತ್ತಳೆ ಬೆಳಕೇ ಇಲ್ಲದ ಕಡೆ ತಾನೇ ಅದನ್ನು ಹುಟ್ಟಿಸುತ್ತದೆ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾಕ್ಕೆ ಇಳಿಯುವವರಿಗೂ ಇದರಿಂದ ಉಪಯೋಗವಿದೆ. ಗಾಳಿಯ ಒತ್ತಡ ತೋರಿಸುವ ಗೇಜಿನಲ್ಲಿ 50 ಬಾರ್‌ನಿಂದ ಕೆಳಗಿನ ಭಾಗಕ್ಕೆ ಸಾಮಾನ್ಯವಾಗಿ ಕೆಂಪು ಬಳಿದಿರುತ್ತಾರೆ. ಆಳದಲ್ಲಿ ಅದು ಕಪ್ಪಾಗಿಯೇ ಕಾಣಬಹುದು. ಆದ್ದರಿಂದ ಬಣ್ಣವನ್ನು ನಂಬದೆ ಅಂಕಿಯನ್ನೇ ಓದಬೇಕು. ಫೋಟೊ ತೆಗೆಯುವಾಗ ವಸ್ತುವಿನ ತೀರ ಹತ್ತಿರ ಹೋಗಬೇಕು: 1.5 ಮೀಟರ್ ದೂರದ ಹವಳಕ್ಕೆ ಟಾರ್ಚ್ ಬಿಟ್ಟರೆ, ಬೆಳಕು ಹೋಗಿಬರುವ ದಾರಿ 3 ಮೀಟರ್. ಅಷ್ಟರಲ್ಲೇ ಕೆಂಪಿನ ಒಳ್ಳೆಯ ಪಾಲು ಸೋರಿಹೋಗಿರುತ್ತದೆ.

ವಿಚಿತ್ರವೆಂದರೆ, ನೀರು ಹೊರಗೆ ಕಸಿಯುವ ಅದೇ ಕೆಂಪನ್ನು ಸಬ್‌ಮರೀನ್‌ನವರು ಒಳಗೆ ಬೇಕೆಂದೇ ತುಂಬಿಕೊಂಡರು. ಕತ್ತಲಲ್ಲಿ ನೋಡಲು ನಮಗೆ ನೆರವಾಗುವ ರಾಡ್ ಕೋಶಗಳು ಪೂರ್ತಿ ಚುರುಕಾಗಲು ಸುಮಾರು ಅರ್ಧ ಗಂಟೆ ಬೇಕು. ಒಮ್ಮೆ ಪ್ರಖರವಾದ ಬಿಳಿ ದೀಪ ಕಂಡರೆ ಮತ್ತೆ ಮೊದಲಿನಿಂದ ಶುರು. ಕಡುಗೆಂಪು ಬೆಳಕು ಈ ಕೋಶಗಳಿಗೆ ಬಹಳ ಕಡಿಮೆ ತಾಗುತ್ತದೆ. ಹಾಗಾಗಿ ಎರಡನೇ ಮಹಾಯುದ್ಧದ ಕಾಲದಲ್ಲಿ, ರಾತ್ರಿ ಪೆರಿಸ್ಕೋಪಿಗೆ ಕಣ್ಣಿಡಬೇಕಾದವರು ಕೆಂಪು ದೀಪದಡಿ ಕೆಲಸ ಮಾಡುತ್ತಿದ್ದರು, ಕೆಂಪು ಕನ್ನಡಕ ಧರಿಸುತ್ತಿದ್ದರು. ಅದರ ತೊಡಕುಗಳೂ ಸಣ್ಣವಲ್ಲ. ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿದ್ದು ಕೆಂಪು ಬೆಳಕಿನಲ್ಲಿ ಕಾಗದದೊಂದಿಗೆ ಬೆರೆತು ಮಾಯ. ಕೆಂಪು ಬೆಳಕಿನ ಬಿಂಬ ಅಕ್ಷಿಪಟದ ಹಿಂದಕ್ಕೆ ಸರಿಯುವುದರಿಂದ ಹತ್ತಿರದ್ದನ್ನು ಓದಲು ಕಣ್ಣಿಗೆ ಹೆಚ್ಚು ಆಯಾಸ, ನಲವತ್ತು ದಾಟಿದವರಿಗಂತೂ ಇನ್ನೂ ಕಷ್ಟ. ಬಣ್ಣದಿಂದಲೇ ಮಾಹಿತಿ ಕೊಡುವ ಪರದೆಗಳು ಬಂದಮೇಲೆ ಇದು ನಡೆಯುವಂತಿರಲಿಲ್ಲ. 1980ರ ದಶಕದಲ್ಲಿ ಲೂರಿಯಾ ಮತ್ತು ಸಹೋದ್ಯೋಗಿಗಳು ಬಹಳ ಮಂದವಾದ ಬಿಳಿ ಬೆಳಕು ಸಾಕೆಂದು ತೋರಿಸಿದರು. ಕತ್ತಲಿಗೆ ಹೊಂದಿಕೊಳ್ಳಲು ಅದರಿಂದ ಆಗುವ ತಡ ಅಲ್ಪ, ಓದುವ ಅನುಕೂಲ ದೊಡ್ಡದು. ನೌಕೆಗಳು ಕ್ರಮೇಣ ಅದಕ್ಕೆ ಬದಲಾದವು.

ನೀರಿನ ಮೇಲೆ ಮಾತ್ರ ಕೆಂಪು ಹಸಿರುಗಳ ಪಟ್ಟು ಸಡಿಲವಾಗಿಲ್ಲ. ರಾತ್ರಿ ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂಬದಿಗೆ ಬಿಳಿ. ಎದುರಿನ ಹಡಗು ಯಾವ ಕಡೆ ಹೊರಟಿದೆ ಎಂಬುದು ಇವುಗಳಿಂದಲೇ ತಿಳಿಯಬೇಕು. ನಾವಿಕರು ಈ ಬಣ್ಣಗಳನ್ನು ಗುರುತಿಸಬಲ್ಲರೇ ಎಂದು ಪರೀಕ್ಷಿಸಲು ಅದೇ ಗ್ರೋಟನ್ ಪ್ರಯೋಗಾಲಯದಲ್ಲಿ ಡೀನ್ ಫಾರ್ನ್ಸ್‌ವರ್ತ್ ಒಂದು ಲಾಂದ್ರ ರೂಪಿಸಿದರು. ಕೆಂಪು, ಹಸಿರು, ಬಿಳಿ ಚುಕ್ಕೆಗಳನ್ನು ಎರಡೆರಡಾಗಿ ಎರಡು ಸೆಕೆಂಡ್ ತೋರಿಸಿ ಹೆಸರು ಹೇಳಿಸುವ ಸಾಧನ ಅದು. ಜಾಣ್ಮೆ ಇರುವುದು ಬಿಳಿಯಲ್ಲಿ: ಅದನ್ನು ತುಸು ಹಳದಿಯಾಗಿಸಿ, ಪ್ರಖರತೆಯನ್ನೂ ಏರುಪೇರು ಮಾಡಿರುವುದರಿಂದ, ಹೊಳಪು ನೋಡಿ ಊಹಿಸುವವರು ಸಿಕ್ಕಿಬೀಳುತ್ತಾರೆ.

ಹಾಗಾಗಿ ಮರ್ಚೆಂಟ್ ನೇವಿ ಸೇರುವ ಆಸೆಯಿರುವ ಹುಡುಗರು ಕೋರ್ಸಿನ ಶುಲ್ಕ ಕಟ್ಟುವ ಮೊದಲೇ, ಶಿಪ್ಪಿಂಗ್ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ವೈದ್ಯರ ಬಳಿ ಬಣ್ಣದ ದೃಷ್ಟಿ ತೋರಿಸಿಕೊಳ್ಳುವುದು ಒಳ್ಳೆಯದು. ಬಣ್ಣ ಸರಿಪಡಿಸುವ ಕನ್ನಡಕ, ಲೆನ್ಸ್ ಎಂದು ಮಾರುವವರಿದ್ದಾರೆ. ಅವನ್ನು ಹಾಕಿಕೊಂಡು ಕೊಟ್ಟ ಪರೀಕ್ಷೆ ನಾವಿಕರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಲೆಕ್ಕಕ್ಕೆ ಬರುವುದಿಲ್ಲ.